ಬೋಳುಬಸವನ ಕೊರಳ ಗಂಟೆ

11 ಫೆಬ್ರವರಿ 2013, ಸೋಮವಾರ. ಚನ್ನಪಟ್ಟಣ

ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಎರಡೂ ಕಣ್ಣಿಗೆ ಪೊರೆ. ನನ್ನನ್ನು ಪೊರೆದವಳ ಕಣ್ಣಿಗೇ ಪೊರೆ ಬಂತಲ್ಲ ಎಂದೆ. ಡಾಕ್ಟರು ನಗಲಿಲ್ಲ. "ಪೂರಾ ಮಾಗಿಬಿಟ್ಟಿದೆ. ಇನ್ನೂ ತಡ ಮಾಡಿದರೆ ಒಳಗೇ ಒಡೆದು ಒತ್ತಡ ಏರುತ್ತೆ. ಆಮೇಲೆ ಆಪರೇಷನ್ ಮಾಡಿದರೂ ದೃಷ್ಟಿ ಬರುವ ಭರವಸೆ ಕೊಡೋಕಾಗಲ್ಲ. ಮಾರ್ಚ್ ದಾಟಿಸಬೇಡಿ," ಎಂದರು.

ನಾನು ತಲೆಯಾಡಿಸಿದೆ. ಅವ್ವ ಆಡಿಸಲಿಲ್ಲ.

"ಆಗಕಿಲ್ಲ ಬುಡಿ ಸೋಮಿ. ಒಂದು ಹರಕೆ ಬಾಕಿ ಐತೆ. ಅದು ತೀರೋಗಂಟ ನನ್ ಕಣ್ಗೆ ಕತ್ತಿ ಮುಟ್ಟಿಸಕಿಲ್ಲ."

ಮನೆಗೆ ಬಂದವಳೇ ಟ್ರಂಕಿನಲ್ಲಿ ತಡಕಾಡಿ ಒಂದು ಎತ್ತಿನ ಗಂಟೆ ತೆಗೆದಳು. ಹಿತ್ತಾಳೆಯದು, ಹಗ್ಗ ಸಮೇತ. ಕುದೂರಿನಾಚೆ ಅವಳ ತವರಿನ ಹತ್ತಿರ ಬೋಳುಬಸವನ ಬೆಟ್ಟವಿದೆ. ಬೆಟ್ಟವೆಂದರೆ ಗಿಡ ಮರ ಇರುವ ಮರ್ಯಾದಸ್ಥ ಬೆಟ್ಟವಲ್ಲ. ನೆಲದಿಂದ ನೆತ್ತಿಯವರೆಗೆ ಒಂದೇ ಬಂಡೆ, ನನ್ನ ತಲೆಯ ಹಾಗೆ. ನೆತ್ತಿಯ ಮೇಲೆ ಒಂದು ಕಲ್ಲುಬಸವ. ಆ ಬಸವನ ಕೊರಳಿಗೆ ಈ ಗಂಟೆ ಕಟ್ಟಬೇಕು.

"ಆಯ್ತು, ಯಾರ ಕೈಲಾದ್ರೂ ಕಟ್ಟಿಸೋಣ," ಎಂದೆ.

"ಯಾರ್ ಕೈಲೋ ಅಲ್ಲ ಕಣಪ್ಪ. ನಿನ್ ಕೈಲಿ. ಹರಕೆ ಹೊತ್ತದ್ದು ನಾನು. ಹೊತ್ತದ್ದು ನಿನ್ನ ಕಾಲಿನ ಮ್ಯಾಲೆ."

ನನ್ನ ಹೆಸರು ಹನುಮಂತಯ್ಯ. ಅವನು ಸಮುದ್ರ ಹಾರಿದ. ನಾನು ಗೋಡೆ ಗಡಿಯಾರಕ್ಕೆ ಸೆಲ್ ಹಾಕಲು ಸ್ಟೂಲು ಹತ್ತಿದರೆ ನನ್ನ ಹೆಂಡತಿ ಅಂಬುಜ ಕಾಲು ಹಿಡಿದುಕೊಂಡು ನಿಲ್ಲಬೇಕು. ಹಿಡಿಯದಿದ್ದರೆ ಗಡಿಯಾರದ ಜೊತೆ ನನ್ನ ಎದೆಯೂ ನಿಲ್ಲುತ್ತದೆ. ಕಾಲೇಜಿನಲ್ಲಿ ವರ್ಷಗಟ್ಟಲೆಯಿಂದ ಅರ್ಥಶಾಸ್ತ್ರ ಹೇಳುತ್ತಿದ್ದೇನೆ: ಬೆಲೆ ಏರುತ್ತದೆ, ಕೂಲಿ ಏರುತ್ತದೆ, ಬೇಡಿಕೆ ಏರುತ್ತದೆ. ಏರದವನು ಪಾಠ ಹೇಳುವವನೊಬ್ಬನೇ.

14 ಫೆಬ್ರವರಿ, ಗುರುವಾರ

ಪರ್ಯಾಯಗಳನ್ನೆಲ್ಲ ಅವ್ವನ ಮುಂದಿಟ್ಟೆ. ಬೆಟ್ಟದ ಬುಡದಲ್ಲೇ ಒಂದು ಬಸವನನ್ನು ಮಾಡಿಸೋಣ ಎಂದೆ. "ಬುಡದಾಗಿರೋನು ಬೇರೆ ಬಸವ," ಎಂದಳು. ಮೊದಲು ಆಪರೇಷನ್, ಆಮೇಲೆ ಬೆಟ್ಟ ಎಂದೆ. "ಆಮ್ಯಾಕೆ ನೀನು ಹತ್ತಿದಂಗೆ!" ಎಂದಳು. ಕಣ್ಣು ಮಂಜಾದರೂ ಮಗ ನಿಚ್ಚಳವಾಗಿ ಕಾಣುತ್ತಾನೆ.

ಸುದ್ದಿ ಕೇಳಿ ಸೋದರಮಾವ ಕೆಂಚಯ್ಯ ಸೋಲೂರಿನಿಂದ ಬಸ್ಸು ಹತ್ತಿ ಬಂದರು. ಬಂದದ್ದು ಅಕ್ಕನನ್ನು ನೋಡಲು, ಉಳಿದುಕೊಂಡದ್ದು ನನ್ನನ್ನು ನೋಡಲು.

"ಏನ್ಲಾ ಮೇಷ್ಟ್ರೇ, ನಮ್ಮೂರ್ ಹೆಂಗಸ್ರು ಬಗಲಾಗೆ ಕೂಸು ಇಟ್ಕಂಡು ಹತ್ತಿ ಬತ್ತಾರೆ ಆ ಬೆಟ್ಟವ. ನಿಂಗೇನ್ಲಾ ಬಂದಿರಾದು?"

"ನನ್ನ ಬಗಲಲ್ಲಿ ಕೂಸಿಲ್ಲವಲ್ಲ ಮಾವ, ಬ್ಯಾಲೆನ್ಸ್ ತಪ್ಪುತ್ತೆ."

"ಬ್ಯಾಲೆನ್ಸಂತೆ! ಭಯ ಅನ್ನು. ಒಂದು ಅಗ್ಗ ಕಟ್ಕಂಡು ಹೋಗ್ಲಾ."

ನಮ್ಮ ಕಡೆ ಹಗ್ಗಕ್ಕೆ ಅಗ್ಗ ಎನ್ನುತ್ತಾರೆ. ನನ್ನ ಪ್ರಾಣ ಅಗ್ಗದ ಮೇಲೆ ನಿಂತಿದೆ ಎಂದೆ. ಅವ್ವ ನಕ್ಕಳು. ನಗುತ್ತಲೇ ನೀರಿನ ಚೊಂಬನ್ನು ಕಟ್ಟೆಯ ಮೇಲಿಟ್ಟಳು. ಅಲ್ಲಿ ಕಟ್ಟೆ ಇರಲಿಲ್ಲ. ಚೊಂಬು ಕೆಳಗೆ ಬಿದ್ದು ಉರುಳಿತು.

17 ಫೆಬ್ರವರಿ, ಭಾನುವಾರ

ತಾಲೀಮಿಗೆಂದು ಮನೆಯ ಹಿಂದಿನ ಕಬ್ಬಿಣದ ಏಣಿ ಹತ್ತಿದೆ. ತಾರಸಿಗೆ ಹೋಗುವ ಏಣಿ. ನಾನು ಈ ಮನೆ ಕೊಂಡಾಗಿನಿಂದ ಅದನ್ನು ಅಲಂಕಾರವೆಂದೇ ತಿಳಿದಿದ್ದೇನೆ. ಅರ್ಧಕ್ಕೆ ಹೋಗಿ ಕೆಳಗೆ ನೋಡಿದೆ. ನೋಡಬಾರದಿತ್ತು. ಅಂಗಳ ಗಿರ್ರನೆ ತಿರುಗಿತು. ಎಷ್ಟೋ ಜನ ಪ್ರಪಂಚ ಸುತ್ತುತ್ತಾರೆ, ನನಗೆ ಪ್ರಪಂಚವೇ ಸುತ್ತುತ್ತದೆ. ಮೇಲಕ್ಕೂ ಹೋಗಲಾರೆ, ಕೆಳಕ್ಕೂ ಬರಲಾರೆ. ಬೆವರಿನಿಂದ ಕೈ ಜಾರುತ್ತಿತ್ತು; ಆದರೂ ಬಿಡಲೊಲ್ಲದು.

ಪಕ್ಕದ ಮನೆಯ ಗುಲ್ಜಾರ್ ಬೀ ಬಟ್ಟೆ ಒಣಗಿಸಲು ಬಂದವರು, "ಮೇಷ್ಟ್ರೇ, ಟ್ಯಾಂಕಲ್ಲಿ ನೀರು ಐತಾ ನೋಡ್ತಿದ್ದೀರಾ?" ಎಂದರು. "ಹೌದು," ಎಂದೆ. "ಟ್ಯಾಂಕು ಇನ್ನೂ ಮೇಲೈತೆ," ಎಂದರು.

ಅಂಬುಜ ಬಂದು ಒಂದೊಂದೇ ಕಾಲನ್ನು ತಾನೇ ಎತ್ತಿ ಕೆಳಗಿನ ಮೆಟ್ಟಿಲಿಗೆ ಇಡುತ್ತ, ಕುಲಾವಿ ಹಾಕಿದ ಮಗುವನ್ನು ಇಳಿಸುವ ಹಾಗೆ ಇಳಿಸಿದಳು. ಇಳಿದ ಮೇಲೆ ನನ್ನ ಅಂಗೈಗೆ ಹತ್ತಿದ್ದ ತುಕ್ಕನ್ನು ಸೆರಗಿನಿಂದ ಒರೆಸಿದಳು. ಅದು ಬೈದದ್ದಕ್ಕಿಂತ ಕೆಟ್ಟದಾಗಿತ್ತು.

23 ಫೆಬ್ರವರಿ, ಶನಿವಾರ. ರಾಮನಗರ

ಗುಲ್ಜಾರ್ ಬೀಯವರ ತಮ್ಮ ಜಬ್ಬಾರ್ ರಾಮನಗರದಲ್ಲಿ ಬಂಡೆ ಹತ್ತುವ ಸಾಹಸ ಶಿಬಿರ ನಡೆಸುತ್ತಾನೆ. ಮೊದಲು ರೇಷ್ಮೆ ನೂಲು ತೆಗೆಸುತ್ತಿದ್ದನಂತೆ. ಈಗ ಬೆಂಗಳೂರಿನವರ ಬೆವರು ತೆಗೆಸುತ್ತಾನೆ. ಅಂಬುಜ ನನಗೆ ಹೇಳದೆಯೇ ನನ್ನ ಹೆಸರು ಬರೆಸಿದ್ದಳು. ಬೆಳಿಗ್ಗೆ ಎಬ್ಬಿಸಿ, ತಿಂಡಿ ಕೊಟ್ಟು, ರೈಲು ಹತ್ತಿಸಿದಳು.

ಜಬ್ಬಾರ್ ಭಾರೀ ಮಾತುಗಾರ. "ಸಾರ್, ನಾನು ಹತ್ತಿಸದೇ ಇರೋ ಮನುಷ್ಯ ಇನ್ನೂ ಹುಟ್ಟಿಲ್ಲ ಸಾರ್. ಹೆದರಿಕೆ ಅನ್ನೋದೆಲ್ಲ ಮನಸ್ಸಲ್ಲಿ ಸಾರ್."

"ಮನಸ್ಸಲ್ಲಿದೆ ಸರಿ. ಬೀಳೋದು ಮೈ ಅಲ್ವೇನಯ್ಯ?"

"ಬೀಳಲ್ಲ ಸಾರ್, ಹಗ್ಗ ಐತೆ. ನನಗೆ ಹೆದರಿಕೆ ಅಂದ್ರೆ ಏನೂಂತ್ಲೇ ಗೊತ್ತಿಲ್ಲ ಸಾರ್."

ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದ. ಮದುವೆಯಲ್ಲೂ ನನ್ನನ್ನು ಇಷ್ಟು ಬಿಗಿಯಾಗಿ ಕಟ್ಟಿರಲಿಲ್ಲ. ಬಂಡೆಯೆದುರು ಭಂಡನನ್ನು ನಿಲ್ಲಿಸಿದ. ಆಳೆತ್ತರ ಹೋಗಿರಬೇಕು. ಒಂದು ಮೊಳಕಾಲು ಬಿರುಕಿನೊಳಗೆ, ಒಂದು ಕೈ ಏನನ್ನೂ ಹಿಡಿಯದೆ, ಗಲ್ಲ ಬಂಡೆಗೆ. ಅಲ್ಲಿಗೆ ನಿಂತೆ. ಜಬ್ಬಾರ್ ಕೆಳಗಿನಿಂದ ಬಲಗಾಲು, ಎಡಗಾಲು ಎಂದು ಕೂಗುತ್ತಿದ್ದ. ನನಗೆ ಯಾವ ಕಾಲು ಯಾವುದೆಂದೇ ಮರೆತುಹೋಗಿತ್ತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ.

ಮುಚ್ಚಿದ ಕಣ್ಣೊಳಗೆ ಒಂದು ಯೋಚನೆ ಬಂತು: ಅವ್ವನಿಗೆ ಈಗ ಹೀಗೇ ಇರಬಹುದು. ಕಾಲಿಡುವ ಜಾಗ ಇದೆಯೋ ಇಲ್ಲವೋ ಎಂದು ದಿನವೆಲ್ಲ ತಡಕುವುದು. ಈ ಬಗ್ಗೆ ಒಂದು ತಮಾಷೆಯೂ ಹೊಳೆಯಲಿಲ್ಲ.

24 ಫೆಬ್ರವರಿ, ಭಾನುವಾರ

ಮೈಯೆಲ್ಲ ನೋವು. ಇಷ್ಟು ಸಾಕು.

2 ಮಾರ್ಚ್, ಶನಿವಾರ. ರಾಮನಗರ

ಮತ್ತೆ ಕಳಿಸಿದಳು. ಇಂದು ಗಂಟು ಹಾಕುವ ಪಾಠ. ಗಂಟೆ ಕಟ್ಟಲು ಗಂಟು ಕಲಿಯಬೇಕು, ಗಂಟು ಕಲಿಯಲು ಗಂಟೆಗಟ್ಟಲೆ ಕೂರಬೇಕು. ಜಬ್ಬಾರ್ ಹಗ್ಗವನ್ನು ಎಂಟರ ಆಕಾರಕ್ಕೆ ತಿರುಚಿ ಎಳೆದರೆ ಕಲ್ಲಿನಂಥ ಗಂಟು. ನಾನು ಎಳೆದರೆ ಹಗ್ಗ ನಿಟ್ಟುಸಿರು ಬಿಟ್ಟು ನೆಟ್ಟಗಾಗುತ್ತದೆ.

ಊಟದ ಹೊತ್ತಿನಲ್ಲಿ ನಡೆದದ್ದು: ನೊಣವೋ ದುಂಬಿಯೋ ಏನೋ ಒಂದು ಕಿವಿಯ ಹತ್ತಿರ ಗುಂಯ್ ಎಂದದ್ದಕ್ಕೆ ಹೆದರಿಕೆಯೇ ಗೊತ್ತಿಲ್ಲದ ಜಬ್ಬಾರ್ ತಟ್ಟೆ ಸಮೇತ ವ್ಯಾನಿನೊಳಗೆ ಹಾರಿ ಬಾಗಿಲು ಹಾಕಿಕೊಂಡ. ಆಮೇಲೆ, "ಬಿಸಿಲು ಸಾರ್," ಎಂದ.

ಮಧ್ಯಾಹ್ನ ಬಂಡೆಯಲ್ಲಿ ಹೋದ ವಾರ ಸಿಕ್ಕಿಕೊಂಡ ಬಿರುಕಿನಲ್ಲೇ ಮತ್ತೆ ಸಿಕ್ಕಿಕೊಂಡೆ. ಆಮೇಲೆ ಅದರಾಚೆ ಇನ್ನೊಂದರಲ್ಲಿ. ಒಟ್ಟಿನಲ್ಲಿ ಪ್ರಗತಿ ಏನಿಲ್ಲ. ಪ್ಯಾಂಟು ಮಾತ್ರ ಸಡಿಲವಾಗುತ್ತಿದೆ; ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದೆ.

5 ಮಾರ್ಚ್, ಮಂಗಳವಾರ

ಅವ್ವ ಇವತ್ತು ಅಡುಗೆಮನೆಯಲ್ಲಿ ಬಿಸಿ ಸಾರಿನ ಪಾತ್ರೆಗೆ ಕೈ ಹಾಕಿಬಿಟ್ಟಳು. ಬೆರಳಿಗೆ ಮುಲಾಮು ಹಚ್ಚುತ್ತ ಕೂತಿದ್ದೆ. ಸಿಟ್ಟು ಬಂದಿತ್ತು.

"ಅವ್ವ, ಅಷ್ಟು ದೇವರಿದ್ದರೂ ಆ ಬೋಳುಬಂಡೆಯವನೇ ಸಿಕ್ಕಿದನೇ? ನೆಲದ ಮೇಲಿರುವ ದೇವರೊಂದೂ ಇರಲಿಲ್ಲವೇ?"

ಆಗ ಅವ್ವ ಹೇಳಿದಳು. ನಾನು ಮೂರು ವರ್ಷದವನಿದ್ದಾಗ ಅವಳ ತವರಿನಲ್ಲಿ ಹುಣಸೆಮರದ ಕೊಂಬೆ ಹತ್ತಿದ್ದೆನಂತೆ. ಬಿದ್ದೆನಂತೆ. ಬಿದ್ದವನು ಅಳಲಿಲ್ಲ, ಅದೇ ಎಲ್ಲರನ್ನೂ ಹೆದರಿಸಿದ್ದು.

"ಉಸ್ರೈತೋ ಇಲ್ವೋ ತಿಳೀಲಿಲ್ಲ. ಎತ್ಕಂಡು ಅಂಗಳದಾಗೆ ನಿಂತ್ಕಂಡೆ. ಯಾವ್ ದ್ಯಾವ್ರ ಕರೀಲಿ? ತಲೆ ಎತ್ತಿದ್ರೆ ಎದ್ರಿಗೆ ಕಂಡೋನು ಅವ್ನೇ. ಬಸವಪ್ಪ, ಈ ಕೂಸು ಎದ್ದು ಓಡಾಡಂಗಾದ್ರೆ, ತನ್ ಕಾಲಾಗೇ ಹತ್ತಿ ಬಂದು ನಿನ್ ಕೊಳ್ಗೆ ಗಂಟೆ ಕಟ್ತಾನೆ ಅಂದೆ. ಅಲ್ಲೇ ನಿಂತಿದ್ದ ನಮ್ಮೆತ್ತಿನ ಕೊಳ್ಳಿಂದ ಬಿಚ್ಕಂಡೆ. ನೀನು ಕಣ್ಬುಟ್ಟೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಎಂಗೇಳ್ಲಿ? ಎದ್ದ ಮ್ಯಾಕೆ ನೀನು ಜಗುಲಿಯಿಂದ ಇಳಿಯಾಕೂ ನಡುಗ್ತಿದ್ದೆ. ಇವತ್ತೋ ನಾಳೆಯೋ ಸರಿಯೋಯ್ತಾನೆ ಅಂತಿದ್ದೆ. ಈಗ ಕಣ್ ಹೋಯ್ತಾ ಐತೆ. ನೀನು ಹತ್ತಾದ ನೋಡಾಕಾಗ್ದಿದ್ರೂ ಬುಡು, ಹತ್ತಿದೆ ಅಂತ ತಿಳ್ಕಂಡಾದ್ರೂ..."

ಅಂದರೆ ನನ್ನ ಹೆದರಿಕೆಯೂ ಈ ಹರಕೆಯೂ ಒಂದೇ ದಿನ ಹುಟ್ಟಿದ ಅವಳಿ ಜವಳಿ. ಒಂದನ್ನು ನಾನು ಸಾಕಿದೆ, ಇನ್ನೊಂದನ್ನು ಅವಳು ಟ್ರಂಕಿನಲ್ಲಿಟ್ಟು ಸಾಕಿದಳು. ಈಗ ಎರಡೂ ಸೇರಿ ನನ್ನನ್ನು ಮೂಲೆಗೆ ಒತ್ತುತ್ತಿವೆ. ತಪ್ಪಿಸಿಕೊಳ್ಳಲು ಕಿಟಕಿಯೂ ಕಾಣುತ್ತಿಲ್ಲ, ಇದ್ದರೂ ಎತ್ತರದಲ್ಲಿರುತ್ತದೆ.

ಭಾನುವಾರ ಹೋಗುತ್ತೇನೆಂದು ಹೇಳಿಬಿಟ್ಟೆ. ಹೇಳಿದ್ದು ನಾನೇ. ಅಂಬುಜ ಸಾಕ್ಷಿ.

9 ಮಾರ್ಚ್, ಶನಿವಾರ

ನಾಳೆ ಮಳೆ ಬರಬಹುದೇ? ಈ ತಿಂಗಳಲ್ಲಿ ಬರುವುದಿಲ್ಲ.

10 ಮಾರ್ಚ್, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮುಖ್ಯವಾಗಿ ಪ್ಯಾಂಟಿನ ವಿಷಯ.

ಜಬ್ಬಾರನ ವ್ಯಾನಿನಲ್ಲಿ ಅವ್ವ, ಅಂಬುಜ, ನಾನು. ಮಾಗಡಿಯ ಮೇಲಾಗಿ ಕುದೂರು ದಾಟುವಾಗಲೇ ಬೆಟ್ಟ ಕಂಡಿತು. ಕಾಣದಿದ್ದದ್ದು ಅವ್ವನಿಗೆ ಮಾತ್ರ. ಸುಖ ಅನಿಸಿತು ಅವಳದು. ಬುಡದ ಅರಳಿಕಟ್ಟೆಯಲ್ಲಿ ಕೆಂಚಯ್ಯ ಮಾವ ಬೀಡಿ ಸೇದುತ್ತ ಕಾದಿದ್ದರು. "ಬಂದ್ಯಾ? ನೀನು ಬರಕಿಲ್ಲ ಅಂತ ಪಂಥ ಕಟ್ಬುಟ್ಟಿದ್ದೆ ಕಣ್ಲಾ."

ಅವ್ವ ಗಂಟೆಯನ್ನು ಕಣ್ಣಿಗೊತ್ತಿಕೊಂಡು ನನ್ನ ಚೀಲಕ್ಕೆ ಹಾಕಿದಳು. ಅಂಬುಜ ನನ್ನ ಅಂಗಿಯ ಗುಂಡಿ ಸರಿಮಾಡಿ, "ಕೆಳಗೆ ನೋಡ್ಬೇಡಿ," ಎಂದಳು. ಅವಳ ಕೈ ತಣ್ಣಗಿತ್ತು. ಅಷ್ಟು ದಿನ ನನ್ನನ್ನು ದೂಡಿದವಳ ಕೈ ತಣ್ಣಗಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಮೊದಲ ಭಾಗ ಇಳಿಜಾರು ಬಂಡೆ. ಜನ ಹತ್ತಿ ಹತ್ತಿ ಕಲ್ಲಿನಲ್ಲಿ ಕಾಲ ಗುಳಿಗಳು ಬಿದ್ದಿವೆ. ಈ ಬೆಟ್ಟಕ್ಕೆ ಪಟ್ಟಿ ಬಿಗಿಯುವ ಅಗತ್ಯವಿಲ್ಲವೆಂದು ಜಬ್ಬಾರ್ ಹಗ್ಗದ ಸುರುಳಿಯೊಂದನ್ನೇ ಹೆಗಲಿಗೆ ಹಾಕಿಕೊಂಡಿದ್ದ. ಕಡಿದಾದ ಕಡೆ ಅವನು ಮೇಲೆ ಹೋಗಿ ಹಗ್ಗ ಬಿಡುವುದು, ನಾನು ಹಿಡಿದು ಹೋಗುವುದು. ನಾನು ನಾಲ್ಕು ಕಾಲಿನವನಾಗಿದ್ದೆ. ಬಸವನ ದರ್ಶನಕ್ಕೆ ಅದೇ ಸರಿಯಾದ ಭಂಗಿ ಎಂದುಕೊಂಡೆ.

ಅರ್ಧ ದಾಟಿರಬಹುದು. ಎಡಗಡೆ ಬಂಡೆಯ ಸೂರಿನಡಿ ಕಪ್ಪಗೆ ತೊಟ್ಟಿಲಿನಂತೆ ತೂಗುತ್ತಿದ್ದದ್ದು ಹೆಜ್ಜೇನು. ಎಲ್ಲಿಂದಲೋ ಹದ್ದೊಂದು ಬಂದು ಅದಕ್ಕೆ ಎರಗಿತು. ಗುಂಯ್ ಎಂದು ಆಕಾಶವೇ ಕಪ್ಪಾಯಿತು.

"ಮಲ್ಗಿ ಸಾರ್! ಮಲ್ಗಿ! ಅಲ್ಲಾಡ್ಬೇಡಿ!"

ಬಂಡೆಗೆ ಅಂಟಿಕೊಂಡು ಮಲಗಿದೆವು. ಮೇಲಕ್ಕೆ ಹೋದರೆ ಹುಳು, ಕೆಳಕ್ಕೆ ಜಾರಿದರೆ ಕಥೆ ಮುಗಿಯಿತು. ಟವೆಲ್ಲು ಮುಖದ ಮೇಲೆ. ಕಾದ ಕಲ್ಲು ಎದೆಗೆ. ಎಷ್ಟು ಹೊತ್ತೋ. ಇಷ್ಟು ವರ್ಷ ನನಗೆ ಎತ್ತರದಲ್ಲಿ ಒಂದೇ ಒಂದು ಉಪಾಯ ಗೊತ್ತಿದ್ದದ್ದು, ಅಲ್ಲಿಂದ ಓಡುವುದು. ಅದೂ ಕೈಬಿಟ್ಟಿತು.

ಪಕ್ಕದಲ್ಲಿ ಟಕಟಕ ಸದ್ದು. ನೋಡಿದರೆ ಜಬ್ಬಾರನ ಹಲ್ಲು. ಹೆದರಿಕೆ ಅಂದರೇನೆಂದು ಗೊತ್ತಿಲ್ಲದವನು ಮುದುಡಿ ಹೋಗಿದ್ದ.

"ಸಾರ್... ಚಿಕ್ಕವನಿದ್ದಾಗ ಕಚ್ಚಿದ್ವು ಸಾರ್... ಮುಖ ಇಷ್ಟಾಗಿತ್ತು... ಆಗಲ್ಲ ಸಾರ್ ನನಗೆ..."

"ಉಸಿರು ಬಿಡಯ್ಯ. ಬರೀ ಎಳ್ಕೊಳ್ತಿದ್ದೀಯ. ಆದಾಯ ಇದ್ದಮೇಲೆ ವೆಚ್ಚವೂ ಇರಬೇಕು."

"ಸಾರ್..."

"ಬೇಡಿಕೆ ಅಂದರೇನು ಹೇಳು? ಹೋಗಲಿ, ನಾನೇ ಹೇಳ್ತೀನಿ." ಮೊದಲ ವರ್ಷದ ಮೊದಲ ಪಾಠ ಶುರುಮಾಡಿದೆ, ಪಿಸುಮಾತಿನಲ್ಲಿ. ಬೇಡಿಕೆಯ ನಿಯಮ, ಪೂರೈಕೆಯ ನಿಯಮ. ಜೇನು ಸುತ್ತ ಸುತ್ತುತ್ತಲೇ ಇತ್ತು. ಪಾಠಕ್ಕೆ ಉದಾಹರಣೆ ಬೇಕಾಗಿ ಟವೆಲ್ಲಿನ ಸಂದಿಯಿಂದ ಕೆಳಗೆ ನೋಡಿದೆ. ರಾಗಿ ಕುಯ್ದ ಹೊಲಗಳು, ತೆಂಗಿನ ತಲೆಗಳು, ಕುದೂರಿನ ಬಸ್ಸು ಬೆಂಕಿಪೊಟ್ಟಣದಷ್ಟು. ಅರಳಿಕಟ್ಟೆಯಲ್ಲಿ ಅವ್ವನ ಕೆಂಪು ಸೀರೆ, ಕುಂಕುಮದಷ್ಟು. "ನೋಡು, ಆ ಹೊಲದಲ್ಲಿ ರಾಗಿ, ಈ ಹೊಲದಲ್ಲಿ ಹುರುಳಿ..." ಎಂದು ಮುಂದುವರಿಸಿದೆ. ಜಬ್ಬಾರನ ಹಲ್ಲು ನಿಂತಿತು. ನನ್ನ ಪಾಠಕ್ಕೆ ಒಬ್ಬ ವಿದ್ಯಾರ್ಥಿ ಪೂರ್ತಿ ಎಚ್ಚರವಿದ್ದು ಕೇಳಿದ್ದು ಇದೇ ಮೊದಲು.

ಜೇನು ಅಡಗಿದ ಮೇಲೂ ನನ್ನ ಬಂಡೆಗುರು ಜಬ್ಬಾರ್ ಏಳಲಿಲ್ಲ. "ನೀವು ಹೋಗ್ಬನ್ನಿ ಸಾರ್. ಕಾಲು ಬರ್ತಾ ಇಲ್ಲ."

ಎಂಥ ಅನ್ಯಾಯ! ಶಿಬಿರ ಅವನದು, ಹಗ್ಗ ಅವನದು, ಕೂತವನೂ ಅವನೇ. ಗಂಟೆ ಮಾತ್ರ ನನ್ನ ಚೀಲದಲ್ಲಿ. ಬೈದುಕೊಂಡೇ ಮೇಲೆ ಹೋದೆ. ಬೈಗುಳ ಮುಗಿಯುವಷ್ಟರಲ್ಲಿ ನೆತ್ತಿ ಬಂತು.

ಬಸವ ಚೆನ್ನಾಗಿದ್ದಾನೆ. ನನ್ನಷ್ಟೇ ಬೋಳು. ಆದರೆ ಅವ್ವನ ಲೆಕ್ಕದಲ್ಲಿ ಒಂದು ತಪ್ಪಾಗಿತ್ತು. ಎತ್ತಿನ ಕೊರಳ ಹಗ್ಗ ಎತ್ತಿನ ಕೊರಳಿಗೇ ಸರಿ. ಈ ಕಲ್ಲುಬಸವನ ಕೊರಳು ನಮ್ಮ ಊಟದ ಮೇಜಿನಷ್ಟಿದೆ. ಹಗ್ಗ ಅರ್ಧ ದಾಟಿ ನಿಂತುಬಿಟ್ಟಿತು. ಜಬ್ಬಾರನ ಹಗ್ಗ ಕೆಳಗೆ. ಅಲ್ಲಿಯತನಕ ಬಂದು, ಗಂಟೆ ಹಿಡಿದು, ಬಸವನ ಮುಂದೆ ಬೆಪ್ಪಾಗಿ ನಿಂತೆ. ಆಮೇಲೆ ಬೆಲ್ಟು ಬಿಚ್ಚಿದೆ. ಹಗ್ಗಕ್ಕೆ ಬೆಲ್ಟು ಸೇರಿಸಿ, ಎಂಟರ ಗಂಟು ಹಾಕಲು ಹೋಗಿ, ಅದು ಬಾರದೆ, ನನ್ನದೇ ಏನೋ ಒಂದು ಗಂಟು ಹಾಕಿ ಬಿಗಿದೆ. ಬಿಗಿ ಹೆಚ್ಚಾಯಿತು. ಗಂಟೆ ಕಲ್ಲಿಗೆ ಅಂಟಿಕೊಂಡು, ಅಲ್ಲಾಡಿಸಿದರೆ ಟಣ್ ಎನ್ನುವ ಬದಲು ಟಕ್ ಎಂದಿತು. ಆದಷ್ಟು ಹೊತ್ತು ಟಕ್ ಟಕ್ ಅನ್ನಿಸಿದೆ.

ಇಳಿಯುವಾಗ ಶುರುವಾಯಿತು ನಿಜವಾದ ಕಷ್ಟ. ಬೆಲ್ಟಿಲ್ಲ, ಪ್ಯಾಂಟು ಸಡಿಲ. ಒಂದು ಕೈ ಪೂರ್ತಿ ಪ್ಯಾಂಟಿಗೇ ಮೀಸಲು. ಅಷ್ಟೂ ದಾರಿ, ಕಡಿದಾದ ಜಾಗದಲ್ಲೂ, ಇನ್ನೊಂದು ಕೈಯಲ್ಲೇ ಇಳಿದೆ. ಕೆಳಗೆ ಹೆಂಗಸರಿದ್ದಾರಲ್ಲ, ಮರ್ಯಾದೆ ಪ್ರಶ್ನೆ. ನಡುವೆ ಜಬ್ಬಾರನನ್ನು ಎಬ್ಬಿಸಿ ಮುಂದೆ ಬಿಟ್ಟುಕೊಂಡೆ. ಬೇರೆ ಯಾವುದರ ಕಡೆಗೂ ಗಮನ ಕೊಡಲು ಪುರುಸೊತ್ತಾಗಲಿಲ್ಲ. ಇಂಥ ಪೇಚಾಟ ನನ್ನ ಜನ್ಮದಲ್ಲಿ ಅನುಭವಿಸಿಲ್ಲ.

"ಕೇಳಿಸ್ತು ಕಣಪ್ಪ ಗಂಟೆ," ಎಂದಳು ಅವ್ವ. "ನಂಗೇನೂ ಕೇಳಿಸ್ನಿಲ್ಲ," ಎಂದರು ಕೆಂಚಯ್ಯ ಮಾವ. ಅವ್ವ ತಡಕಿ ನನ್ನ ಪಾದ ಮುಟ್ಟಿ ನೋಡಿದಳು, ಎರಡನ್ನೂ. ಆಮೇಲೆ, "ಡಾಕ್ಟ್ರಿಗೆ ಫೋನ್ ಮಾಡು," ಎಂದಳು.

21 ಮಾರ್ಚ್, ಗುರುವಾರ

ಬಲಗಣ್ಣಿನ ಪಟ್ಟಿ ಬಿಚ್ಚಿದರು. ಅವ್ವ ಮೊದಲು ಗೋಡೆ ನೋಡಿದಳು, ಆಮೇಲೆ ಅಂಬುಜಳನ್ನು, ಆಮೇಲೆ ನನ್ನನ್ನು. ಬಹಳ ಹೊತ್ತು ನೋಡಿದಳು.

"ಅಯ್ಯೋ, ತಲೇಲಿ ಒಂದು ಕೂದ್ಲೂ ಉಳ್ಸಿಲ್ವಲ್ಲೋ!"

ಡಾಕ್ಟರು ಇವತ್ತು ನಕ್ಕರು. ನಾನು ಬಾಗಿಲ ಹೊರಗೆ ಹೋಗಿ ಸ್ವಲ್ಪ ಹೊತ್ತು ಕಾರಿಡಾರಿನ ಗೋಡೆ ನೋಡಿಕೊಂಡು ನಿಂತೆ.

27 ಮಾರ್ಚ್, ಬುಧವಾರ

ಟ್ಯಾಂಕಿನ ತೇಲುಬುರುಡೆ ಕೆಟ್ಟು ನೀರು ಹರಿದುಹೋಗುತ್ತಿತ್ತು. ಪ್ಲಂಬರ್ ಇವತ್ತು ನಾಳೆ ಎನ್ನುತ್ತಾನೆ. ಮೇಲೆ ಹೋಗಿ ನಾನೇ ತಂತಿ ಕಟ್ಟಿ ಬಂದೆ. ಟ್ಯಾಂಕಿನೊಳಗೆ ಎಷ್ಟು ಪಾಚಿ! ಈ ಮನೆಯಲ್ಲಿ ಒಬ್ಬರಿಗಾದರೂ ಇದರ ಕಡೆ ಗಮನ ಬೇಡವೇ? ಗುಲ್ಜಾರ್ ಬೀ ಕೆಳಗಿನಿಂದ ಯಾಕೋ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಜಬ್ಬಾರನಿಂದ ಎಂಟರ ಗಂಟು ಮತ್ತೆ ಕಲಿತೆ. ಈಗ ಸರಿಯಾಗಿ ಬರುತ್ತದೆ. ಆ ಟಕ್ ಎಂಬ ಸದ್ದು ಮನಸ್ಸಿನಿಂದ ಹೋಗುತ್ತಿಲ್ಲ.

7 ಏಪ್ರಿಲ್, ಭಾನುವಾರ

ಅವ್ವನಿಗೆ ಹೊಸ ಕಣ್ಣಿನಲ್ಲಿ ಬಸವನ ಬೆಟ್ಟ ನೋಡಬೇಕಿತ್ತು. ಕರೆದುಕೊಂಡು ಹೋದೆವು. ಕೊರಳಿಗೆ ಸಾಲುವಷ್ಟು ಉದ್ದದ ಒಳ್ಳೆಯ ಹಗ್ಗ ತಂದಿದ್ದೆ. ಅಲ್ಲಿ ಬಿಟ್ಟುಬಂದ ಬೆಲ್ಟು ಬಿಚ್ಚಿಕೊಂಡು, ಗಂಟೆಯನ್ನು ಸರಿಯಾಗಿ, ಟಣ್ ಎನ್ನುವ ಹಾಗೆ ಕಟ್ಟಿ ಬರುವುದು ನನ್ನ ಯೋಜನೆ. ಹೊತ್ತೇರುವ ಮೊದಲು, ಜೇನು ಏಳುವ ಮೊದಲು, ಬಲಗಡೆಯ ಗುಳಿಗಳನ್ನು ಹಿಡಿದು ಹೋದರೆ ಬೇಗ ಆಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಅವ್ವ ಅರಳಿಕಟ್ಟೆಯ ಹತ್ತಿರ ಇಳಿದು, ಹಣೆಗೆ ಕೈ ಅಡ್ಡ ಹಿಡಿದು ತಲೆ ಎತ್ತಿದಳು. ಎತ್ತುತ್ತಲೇ ಹೋದಳು. ಸೆರಗು ಜಾರಿತು.

"ಇದಾ? ಇದ ಹತ್ತುಸ್ಬುಟ್ನಾ ನಾನು ನಿನ್ನ?"

"ಇದೇ ಅವ್ವ. ನೀನು ಹುಡುಗಿಯಾಗಿದ್ದಾಗ ಹತ್ತಿಲ್ವಾ?"

"ಹತ್ತಿದ್ದೆ ಕಣೋ, ಆಗ ಇಷ್ಟ್ ಎತ್ತರ ಇರ್ಲಿಲ್ಲ!"

"ಬೆಟ್ಟ ಬೆಳ್ದೈತೆ ಕಣಕ್ಕ," ಎಂದರು ಕೆಂಚಯ್ಯ ಮಾವ. "ನಿನ್ ಮಗನೇ ಬೆಳೀಲಿಲ್ಲ."

ನಾನು ಚಪ್ಪಲಿ ಬಿಟ್ಟು, ಹಗ್ಗ ಹೆಗಲಿಗೆ ಹಾಕಿಕೊಂಡು, "ಒಂದು ಗಂಟೆ, ಗಂಟೆ ಕಟ್ಟಿ ಬಂದ್ಬಿಡ್ತೀನಿ," ಎಂದು ಹೊರಟೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ. ಬಿದ್ಗಿದ್ದೀಯ."

"ಬೀಳಲ್ಲ ಅವ್ವ. ಗಂಟೆ ಸರಿಯಾಗಿ ಕಟ್ಟಿಲ್ಲ, ಬರೀ ಟಕ್ ಅನ್ನುತ್ತೆ."

"ಟಕ್ ಅಂದ್ರೂ ಬಸವಪ್ಪಂಗೆ ಕೇಳ್ತದೆ. ಕೂತ್ಕೋ."

ಬಿಡಿಸಿಕೊಳ್ಳಲು ನೋಡಿದೆ. ಆ ಮುದಿ ಕೈಯಲ್ಲಿ ಅದೆಲ್ಲಿಂದ ಅಷ್ಟು ಬಲ ಬಂತೋ! ಅಂಬುಜ ನೆರವಿಗೆ ಬರುವ ಬದಲು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವ್ವ ಪಕ್ಕದಲ್ಲಿ ಕೂರಿಸಿಕೊಂಡು, ಹೊಸ ಕಣ್ಣಿನಿಂದ ಒಮ್ಮೆ ನೆತ್ತಿಯನ್ನು, ಒಮ್ಮೆ ನನ್ನನ್ನು ನೋಡುತ್ತ, ಹೊರಡುವವರೆಗೂ ಕೈ ಬಿಡಲಿಲ್ಲ.

ಇಂಥ ಇಕ್ಕಟ್ಟಿಗೆ ನಾನು ಎಂದೂ ಸಿಕ್ಕಿರಲಿಲ್ಲ. ಗಾಳಿ ಒಳ್ಳೆಯದಿತ್ತು, ಬಂಡೆ ಒಣಗಿತ್ತು, ಹಗ್ಗವಿತ್ತು, ಗಂಟೂ ಬರುತ್ತಿತ್ತು. ಇಡೀ ಬೆಳಗು ಕೆಳಗೇ ಕಳೆದುಹೋಯಿತು.